ಕ್ಯಾಂಪರ್ ವ್ಯಾನಿನಾಗ ಒಯ್ಯಾಕ ಬ್ಯಾಟರಿ ಸೈಕಲ್: ವಾಟ್ ಆಮ್ಯಾಲ ನೋಡ್ರಿ, ಮೊದಲ ಎತ್ತಿ ನೋಡ್ರಿ

ಪ್ರಶ್ನೆ: ನಾವು ಕಲಬುರಗಿಯವ್ರು, ಸೇಡಂ ರೋಡ್ ಕಡೆ ಮನಿ. ರಿಟೈರ್ ಆದ ಮ್ಯಾಲ ಒಂದು ಹಳೇ ಟ್ರಾವೆಲರ್ 3350 ತಗೊಂಡು ಒಳಗ ಹಾಸಿಗಿ, ಸಣ್ಣ ಅಡಗಿ ಜಾಗ ಮಾಡ್ಸೀನಿ. ಮ್ಯಾಲ 200 ವಾಟ್ ಸೋಲಾರ್, ಒಳಗ 100 ಎಎಚ್ (ಆಂಪಿಯರ್-ಅವರ್) ಟ್ಯೂಬ್ಯುಲರ್ ಬ್ಯಾಟರಿ ಅದ. ನಾನು ನಮ್ಮ ಮನಿಯವ್ರು ಇಬ್ರೇ ಬೀದರ್, ಬಸವಕಲ್ಯಾಣ, ಸನ್ನತಿ, ಚಿಂಚೋಳಿ, ಸುರಪುರ ಅಂತ ತಿರಗಾಡ್ತೀವಿ. ಗಾಡಿ ಒಂದು ಕಡೆ ನಿಲ್ಸಿದ ಮ್ಯಾಲ ಊರೊಳಗಿನ ಓಣಿಗಳಾಗ ಅದನ್ನ ಒಯ್ಯೋದು ತ್ರಾಸ ಆಗ್ತದ, ಅದಕ್ಕ ಎರಡು ಬ್ಯಾಟರಿ ಸೈಕಲ್ ತಗೋಬೇಕಂತ ಮಾಡೀವಿ, ಒಂದಕ್ಕ 40-45 ಸಾವಿರ ತನಕ ಹಾಕಬಲ್ಲೆ. ಅಂಗಡಿಯವರು ದಪ್ಪ ಟೈರಿನ ಮಡಚೋ ಸೈಕಲ್ ತಗೋರಿ ಅಂತಾರ, ಅಳಿಯ 1000 ವಾಟ್ ಕಿಟ್ ಹಾಕ್ಸೋಣು ಅಂತಾನ, ಬಾಜೂ ಮನಿಯವ್ರು ನಮ್ಮ ಬಿಸಲಿಗೆ ವ್ಯಾನಿನಾಗ ಬ್ಯಾಟರಿ ಬ್ಲಾಸ್ಟ್ ಆಗ್ತದ ಅಂತ ಅಂಜಸ್ಯಾರ. ನಮ್ಮ ಮನಿಯವ್ರಿಗೆ ಮೊಣಕಾಲ ನೋವು, ಎತ್ತರ ಐದು ಫೂಟ್. ಹಿಂದಿನ ಬಾಗಲಿಗೆ ಕ್ಯಾರಿಯರ್ ಹಾಕ್ಸಿದ್ರ ನಡೀತದೇನು? ವ್ಯಾನಿನ ಬ್ಯಾಟರಿಯಿಂದ ಚಾರ್ಜ್ ಆಗ್ತದೇನು?

ಉತ್ತರ: ಸರ್, ಪ್ರಶ್ನೆ ಭಾಳ ಇದ್ರೂ ನಿಮ್ಮ ಚಿಂತಿ ಎರಡೇ ಅಂತ ನನಗ ಕಾಣ್ತದ. ಇಷ್ಟು ರೊಕ್ಕ ಹಾಕಿ ತಂದ ಸೈಕಲ್ ವ್ಯಾನಿಗೆ ಏರ್ಸೋದೇ ದೊಡ್ಡ ಕೆಲಸ ಆಗಿ ಕಡೀಗ ಅಂಗಳದಾಗ ಧೂಳ ತಿನ್ಕೋತ ನಿಂತ್ರ ಹ್ಯಾಂಗ ಅನ್ನೋದು ಒಂದು, ಮಲಗೋ ಜಾಗದಾಗ ಲಿಥಿಯಂ ಬ್ಯಾಟರಿ ಇಟ್ಕೊಂಡು ನಿದ್ದಿ ಹ್ಯಾಂಗ ಬರಬೇಕು ಅನ್ನೋದು ಇನ್ನೊಂದು. ಎರಡೂ ಖರೇನೇ ಕೇಳಬೇಕಾದ ಮಾತು. ನನ್ನ ಹತ್ರ ರಿಪೇರಿಗೆ ಬರೋದ್ರಾಗ ಓಡಿಸಿ ಕೆಟ್ಟ ಬ್ಯಾಟರಿಗಿಂತ ಓಡಿಸದ ಇಟ್ಟು ಕೆಟ್ಟ ಬ್ಯಾಟರಿನೇ ಜಾಸ್ತಿ, ಯಾಕ ಓಡಿಸ್ಲಿಲ್ರೀ ಅಂತ ಕೇಳಿದ್ರ ಹೆಚ್ಚಿನ ಮಂದಿ ಹೇಳೋದು ಒಂದೇ, ಭಾರ ಅದರೀ, ಯಾರು ಇಳಿಸಿ ಏರಿಸ್ಬೇಕು ಅಂತ.

ಮೊದಲ ಅಳಿಯಂದಿರ 1000 ವಾಟ್ ಮಾತು ಮುಗಿಸಿಬಿಡೋಣು. ನಮ್ಮ ದೇಶದಾಗ ಲೈಸೆನ್ಸ್, ನಂಬರ್, ಇನ್ಶೂರೆನ್ಸ್ ಏನೂ ಬ್ಯಾಡ ಅನ್ನೋದು ಎಲ್ಲಾ ಬ್ಯಾಟರಿ ಸೈಕಲ್‌ಗೂ ಸಿಗೋ ರಿಯಾಯಿತಿ ಅಲ್ಲ. ಕೇಂದ್ರ ಮೋಟಾರು ವಾಹನ ನಿಯಮಗಳು 1989ರ ಪ್ರಕಾರ ಮೋಟರಿನ 30 ನಿಮಿಷದ ಪವರ್ 250 ವಾಟಿಗಿಂತ ಕಡಿಮಿ ಇರಬೇಕು, ಪೆಡಲ್ ಜೊತಿ ಓಡೋ ಮೋಟರ್ 25 ಕಿಲೋಮೀಟರ್ ವೇಗಕ್ಕ ಬರೋದ್ರಾಗ ಕಟ್ ಆಗಬೇಕು, ಅಂಥಾದ್ದು ಮಾತ್ರ ಸೈಕಲ್. ಅದಕ್ಕಿಂತ ಮ್ಯಾಲ ಹೋದ್ರ ಕಾನೂನಿನ ಕಣ್ಣಿಗೆ ಅದು ನಂಬರ್ ಇಲ್ಲದ ಮೋಟರ್ ಗಾಡಿ. ಪೊಲೀಸ್ರು ಹಿಡೀತಾರೋ ಬಿಡ್ತಾರೋ ಅದು ಬ್ಯಾರೆ ಮಾತು, ಯಾರಿಗಾದ್ರೂ ಬಡದ್ರ ಇನ್ಶೂರೆನ್ಸ್ ಇರಲ್ಲ, ಪರಿಹಾರ ಪೂರಾ ನಿಮ್ಮ ಕಿಸೆದಿಂದ ಹೋಗ್ತದ, ನಾನು ಅಂಜೋದು ಅದಕ್ಕ. ಮತ್ತ ಸಾದಾ ಸೈಕಲ್ಲಿನ ಬ್ರೇಕು, ಫೋರ್ಕು, ಕಡ್ಡಿ ಇವು 45ರ ವೇಗಕ್ಕ ಮಾಡಿದ್ದಲ್ಲ.

250 ವಾಟ್ ಏರಿಗೆ ಸಾಕಾಗಲ್ಲ ಅನ್ನೋದೂ ಅರ್ಧ ಸುಳ್ಳ. ನೀವು ಮತ್ತ ಸೈಕಲ್ ಕೂಡಿ ನೂರು ಕಿಲೋ ಅಂತ ಹಿಡೀರಿ, ನೂರು ಮೀಟರಿಗೆ ಐದು ಮೀಟರ್ ಏರೋ ರಸ್ತಾದಾಗ ತಾಸಿಗೆ 12 ಕಿಲೋಮೀಟರ್ ವೇಗದಾಗ ಹೋಗಾಕ ಬೇಕಾಗೋದು ಸುಮಾರು 180-200 ವಾಟ್. ಅದ್ರಾಗ ನೀವೂ ಒಂದಿಷ್ಟು ತುಳೀತೀರಿ. ಬೀದರಿನ ಪಾಪನಾಶ, ಝರಣಿ ನರಸಿಂಹ ಕಡೆ ಇಳಕಲು ಏರು ಅವ, ಅಲ್ಲೆಲ್ಲಾ ಗೇರ್ ಇಳಿಸಿ ತುಳಿದ್ರ ಆರಾಮ ಹತ್ತತದ. ತುಳೀದನೇ ಬರೇ ಥ್ರಾಟಲ್ ಹಿಡದು ನಿಂತ ಏರು ಹತ್ತಸ್ತೀನಿ ಅಂದ್ರ ಮಾತ್ರ ಮೋಟರ್ ಕಾಯ್ತದ, ಮೋಟರಿಗೆ ಕರೆಂಟ್ ಬಿಡೋ ಕಂಟ್ರೋಲರ್ ಸುಡ್ತದ.

ಬೋರ್ಡ್ ಮ್ಯಾಲ ಬರದಿರೋ ರೇಂಜ್ ನೋಡಿ ಆರಿಸ್ಬ್ಯಾಡ್ರಿ. ವೋಲ್ಟ್ ಮತ್ತ ಎಎಚ್ ಗುಣಿಸ್ರಿ, ಅದೇ ಟಾಕಿ ಎಷ್ಟು ದೊಡ್ಡದು ಅನ್ನೋ ಲೆಕ್ಕ. 36 ವೋಲ್ಟ್, 7.8 ಎಎಚ್ ಅಂದ್ರ 280 ವಾಟ್-ಅವರ್. ಬರೇ ಥ್ರಾಟಲ್‌ನಾಗ ಓಡಿಸಿದ್ರ ಕಿಲೋಮೀಟರಿಗೆ 12ರಿಂದ 15 ತಿಂತದ, ಪೆಡಲ್ ತುಳಕೋತ ಹೋದ್ರ 7-8ರಾಗ ಆಗ್ತದ. ಅಂದ್ರ ಸೋಮಾರಿತನ ಮಾಡಿದ್ರ 20 ಕಿಲೋಮೀಟರ್, ಕಾಲು ಆಡಿಸಿದ್ರ 35. ಈಗ ನಿಮ್ಮ ತಿರಗಾಟ ನೋಡ್ರಿ. ಬೀದರ್ ಕೋಟಿಯಿಂದ ಅಷ್ಟೂರಿನ ಬಹಮನಿ ಗುಮ್ಮಟಗಳಿಗೆ ನಾಕೈದು ಕಿಲೋಮೀಟರ್, ನೌಬಾದಿನ ಕರೇಜ್ (ನೆಲದೊಳಗಿನ ಹಳೇ ನೀರಿನ ಕಾಲುವಿ) ಕಡೆನೂ ಭಾಳ ದೂರ ಅಲ್ಲ. ಸನ್ನತಿ ಚಂದ್ರಲಾಂಬಾ ಗುಡಿ ಹತ್ರ ಗಾಡಿ ನಿಲ್ಸಿದ್ರ ಕನಗನಹಳ್ಳಿ ಸ್ತೂಪ ಎರಡು ಮೂರು ಕಿಲೋಮೀಟರಿನಾಗ. ದಿನಕ್ಕ 20 ದಾಟೋದು ಅಪರೂಪ. ಇಷ್ಟಕ್ಕ 700 ವಾಟ್-ಅವರ್ ಬ್ಯಾಟರಿ ಹೊತ್ಕೊಂಡು ತಿರಗೋದು ಯಾಕ? ಹೆಚ್ಚಿನ ಭಾರ, ಹೆಚ್ಚಿನ ಚಾರ್ಜಿಂಗ್, ಹೆಚ್ಚಿನ ರೊಕ್ಕ. ಇಳಕಲದಾಗ ತಾನೇ ಚಾರ್ಜ್ ಆಗ್ತದ ಅಂತ ಯಾರಾದ್ರೂ ಹೇಳಿದ್ರ ನಕ್ಕು ಸುಮ್ನಾಗ್ರಿ, ನಿಮ್ಮ ಬಜೆಟ್ಟಿನ ಸೈಕಲ್‌ನಾಗ ಇರೋ ಗೇರ್ಡ್ ಹಬ್ ಮೋಟರ್ ಒಳಗ ಫ್ರೀವ್ಹೀಲ್ ಇರ್ತದ, ಇಳಕಲದಾಗ ಗಾಲಿ ತಿರಗಿದ್ರೂ ಮೋಟರ್ ತಿರಗಲ್ಲ, ಕರೆಂಟ್ ಎಲ್ಲಿಂದ ಬರಬೇಕು.

ಈಗ ತೂಕ. ಎಲ್ಲಾಕಿಂತ ಮುಖ್ಯ ಇದು, ಅದಕ್ಕ ಸ್ವಲ್ಪ ಉದ್ದ ಹೇಳ್ತೀನಿ.

ಮಡಚೋದು ಅಂದ ಕೂಡ್ಲೆ ಹಗುರ ಅಂತ ಮಂದಿ ತಿಳಕೊಂಡಾರ. ನಾಕು ಇಂಚ್ ದಪ್ಪ ಟೈರಿನ ಮಡಚೋ ಇ-ಸೈಕಲ್ ಸಾಮಾನ್ಯವಾಗಿ 25 ಕಿಲೋ ದಾಟ್ತದ, ಮಡಚಿದ ಮ್ಯಾಲ ಹಿಡ್ಯಾಕ ಸರಿಯಾದ ಜಾಗಾನೂ ಇರಲ್ಲ, ಪೆಡಲ್ ಒಂದು ಕಡೆ ಹ್ಯಾಂಡಲ್ ಒಂದು ಕಡೆ ಚುಚ್ಚತಾವ. ಟ್ರಾವೆಲರ್ ನೆಲ ಮೊಣಕಾಲಿಗಿಂತ ಮ್ಯಾಲ ಇರ್ತದ, ಅಲ್ಲಿ ತನಕ ಎರಡು ಸಲ ಏರಿಸಿ ಎರಡು ಸಲ ಇಳಿಸ್ಬೇಕು, ಅದೂ ದಿನಾ. ಮತ್ತ ದಪ್ಪ ಟೈರ್ ಮರಳಿನಾಗ ಛಲೋ, ನಮ್ಮ ಎರಿ ಮಣ್ಣಿನಾಗ ಮಾತ್ರ ತಲಿನೋವು, ಮಳಿ ಬಿದ್ದ ಮ್ಯಾಲ ಹೊಲದ ದಾರಿ ಹಿಡದ್ರಂತೂ ಮಡ್‌ಗಾರ್ಡ್ ಒಳಗ ಮಣ್ಣು ಕೂಡಿ ಗಾಲಿನೇ ತಿರಗಲ್ಲ, ಕಟಗಿ ಹಿಡದು ಕೆತ್ತಿ ಕೆತ್ತಿ ತೆಗೀಬೇಕು. ನಿಮಗ ನಾನು ಹೇಳೋದು 20 ಇಂಚ್ ಗಾಲಿ, ಎರಡು ಇಂಚಿನ ಆಸುಪಾಸು ಟೈರ್, ಬ್ಯಾಟರಿ ತೆಗದ್ರ 20 ಕಿಲೋದ ಒಳಗ ಇರೋ ಮಡಚೋದು. ಮಡಚಿದಾಗ ಸುಮಾರು 85-90 ಸೆಂಟಿಮೀಟರ್ ಉದ್ದ, 70 ಎತ್ತರ, 45 ಅಗಲ ಬರ್ತದ, ಹಾಸಿಗಿ ಕೆಳಗ ಅಷ್ಟು ಜಾಗ ಅದನೋ ಇಲ್ಲೋ ಅಂಗಡಿಗಿ ಹೋಗೋದಕ್ಕಿಂತ ಮೊದಲ ಟೇಪ್ ಹಿಡದು ಅಳೀರಿ. ಮಾಡೆಲ್ ಮ್ಯಾಲೆ ಮಾಡೆಲ್ ಅಳತಿ ಬ್ಯಾರೆ ಇರ್ತದ, ಅದಕ್ಕ ಅಂಗಡಿಯಾಗೂ ಅಳೀರಿ.

ಮಡಚದ ಸೈಕಲ್ ಬೇಕು ಅಂದ್ರೂ ತಪ್ಪಿಲ್ಲ, ಓಡ್ಸಾಕ ಅದೇ ಹೆಚ್ಚು ಆರಾಮ, ಹಿಂಜ್ ಸಡ್ಲ ಆಗೋ ಕಾಟ ಇರಲ್ಲ. ಆದ್ರ ಪೂರ್ತಿ ಸೈಕಲ್ 170-180 ಸೆಂಟಿಮೀಟರ್ ಉದ್ದ, ಎರಡು ಒಳಗ ಇಟ್ರ ನೀವು ಮಲಗೋದು ಎಲ್ಲಿ? ಆಗ ಹೊರಗ ಕ್ಯಾರಿಯರ್ ಬೇಕೇಬೇಕು.

ಆ ಕ್ಯಾರಿಯರ್ ಹಿಂದಿನ ಬಾಗಲಿಗೆ ಮಾತ್ರ ಹಾಕ್ಸಬ್ಯಾಡ್ರಿ. ಎರಡು ಸೈಕಲ್ 40 ಕಿಲೋ, ಕಬ್ಬಿಣದ ಕ್ಯಾರಿಯರ್ 15-20 ಕಿಲೋ, ಒಟ್ಟು 55-60 ಕಿಲೋ. ತುಂಬಿದ ಕೊಡ ಕೈ ಚಾಚಿ ಹಿಡದಂಗ, ಭಾರ ಎಷ್ಟು ಹೊರಗ ಹೋಗ್ತದೋ ಬಾಗಲ ಕೀಲಿನ ಮ್ಯಾಲ ಅಷ್ಟು ಎಳತ ಬೀಳ್ತದ, ಗುಂಡಿ ಬಂದಾಗ ಅದು ಎರಡು ಮೂರು ಪಟ್ಟು. ಚಿಂಚೋಳಿ ಕಾಡಿನ ಕಡೆ ರಸ್ತಾ ನೀವೇ ನೋಡೀರಿ. ಮೊದಲ ಬಾಗಲ ಸರಿಯಾಗಿ ಕೂಡಲ್ಲ, ಆಮ್ಯಾಲ ಶೀಟ್ ಸೀಳ್ತದ. ಇಂಥ ಬಾಗಲ ವೆಲ್ಡಿಂಗ್ ಮಾಡ್ಸಾಕ ಬರೋ ಗಾಡಿ ನಾನು ಭಾಳ ನೋಡೀನಿ. ಹಾಕ್ಸೋದೇ ಇದ್ರ ಹಿಂದ ಚಾಸಿಗೆ ಬೋಲ್ಟ್ ಹಾಕಿ ಕೂಡ್ಸೋ ಪ್ಲಾಟ್‌ಫಾರ್ಮ್, ಸೈಕಲ್ ಗಾಲಿ ಮ್ಯಾಲ ನಿಲ್ಲಬೇಕು, ಫ್ರೇಮ್ ಹಿಡದು ಜೋತಾಡಬಾರದು. ಕ್ಯಾರಿಯರ್ ಮ್ಯಾಲ ಒಂದು ಸೈಕಲ್ಲಿಗೆ ಎಷ್ಟು ಕಿಲೋ ಅಂತ ಬರದಿರ್ತದ, ಸಾದಾ ಸೈಕಲ್ಲಿಗೆ ಮಾಡಿದ ಪಟ್ಟಿ ಕ್ಯಾರಿಯರ್ ಇದಕ್ಕ ಆಗಲ್ಲ. ನಂಬರ್ ಪ್ಲೇಟ್, ಬ್ರೇಕ್ ಲೈಟ್, ಇಂಡಿಕೇಟರ್ ಒಂದೂ ಮುಚ್ಚಬಾರದು, ಹ್ಯಾಂಡಲ್ ಗಾಡಿ ಅಗಲಕ್ಕಿಂತ ಹೊರಗ ಬರಬಾರದು. ನಿಮ್ಮ ವ್ಯಾನ್ ಒಳಗ ಇಷ್ಟೆಲ್ಲಾ ಬದಲ ಮಾಡ್ಸಿದ್ದು ಆರ್‌ಸಿಯಾಗ ಏರ್ಯಾದೋ ಇಲ್ಲೋ ಅದನ್ನೂ ಒಂದು ಸಲ ಆರ್‌ಟಿಓದಾಗ ವಿಚಾರಸ್ರಿ, ಮೋಟಾರು ವಾಹನ ಕಾಯ್ದೆಯ 52ನೇ ಕಲಂ ಈ ಮಾರ್ಪಾಡಿನ ಬಗ್ಗೇನೇ ಅದ, ಕ್ಯಾರಿಯರ್ ಮಾತೂ ಅಲ್ಲೇ ಮುಗೀತದ.

ಏರ್ಸಾಕ ಒಂದು ಉಪಾಯ: ಹಲವು ಇ-ಸೈಕಲ್‌ನಾಗ ವಾಕ್ ಮೋಡ್ ಅಂತ ಇರ್ತದ, ಬಟನ್ ಒತ್ತಿ ಹಿಡದ್ರ ನಡಿಗಿ ವೇಗದಾಗ ತಾನೇ ಮುಂದ ಹೋಗ್ತದ. ಒಂದು ಗಟ್ಟಿ ಹಲಗಿ ಇಳಜಾರು ಇಟ್ಟು ಅದರ ಮ್ಯಾಲ ವಾಕ್ ಮೋಡ್‌ನಾಗ ಏರ್ಸಿ, ಒಳಗ ಹೋದ ಮ್ಯಾಲ ಮಡಚ್ರಿ. ನಡಾ ಉಳೀತದ. ಅಂಗಡಿಯಾಗ ಇದು ಅದನೋ ಇಲ್ಲೋ ಕೇಳ್ರಿ, ಹೆಚ್ಚಿನವರು ತಾವಾಗೇ ಹೇಳಲ್ಲ.

ಬಾಜೂ ಮನಿಯವ್ರ ಬ್ಲಾಸ್ಟ್ ಮಾತಿಗೆ ಬರೋಣು. ಏಪ್ರಿಲ್ ಮೇ ಬಂತಂದ್ರ ಕಲಬುರಗಿ 42-43 ಮುಟ್ಟೋದು ನಮಗ ಹೊಸಾದಲ್ಲ, ನೆರಳಿಲ್ಲದ ಕಡೆ ಕಿಟಕಿ ಮುಚ್ಚಿ ನಿಲ್ಸಿದ ಗಾಡಿ ಒಳಗ 60ರ ಹತ್ರ ಹೋಗ್ತದ. ಇಷ್ಟಕ್ಕ ಛಲೋ ಬ್ಯಾಟರಿ ತನ್ನಷ್ಟಕ್ಕ ತಾನೇ ಉರಿಯಲ್ಲ, ಸೆಲ್ ಒಳಗ ತಡಿಲಾರದಷ್ಟು ಕಾವು ಏಳೋದು ನೂರು ಡಿಗ್ರಿ ದಾಟಿದ ಮ್ಯಾಲಿನ ಮಾತು. ಆದ್ರ ಬಿಸಲು ಇನ್ನೊಂದು ಕೆಲಸ ಮಾಡ್ತದ, ಸದ್ದು ಮಾಡದನೇ ಬ್ಯಾಟರಿ ಆಯುಷ್ಯ ತಿಂತದ. ಫುಲ್ ಚಾರ್ಜ್ ಮಾಡಿ ಕಾದ ವ್ಯಾನಿನಾಗ ಬಿಟ್ರ ಒಂದೆರಡು ಬ್ಯಾಸಗಿಯಾಗ ರೇಂಜ್ ಕಣ್ಣಿಗೆ ಕಾಣೋವಷ್ಟು ಇಳೀತದ.

ಬೆಂಕಿ ಹತ್ತೋದಕ್ಕ ಕಾರಣ ಹೆಚ್ಚಾಗಿ ಬ್ಯಾರೇನೇ ಇರ್ತಾವ. ತಪ್ಪು ಚಾರ್ಜರ್ ಒಂದು: 36 ವೋಲ್ಟ್ ಪ್ಯಾಕಿಗೆ 42 ವೋಲ್ಟ್ ಚಾರ್ಜರ್ ಬೇಕು, 48ರ ಪ್ಯಾಕಿಗೆ 54.6, ಪಿನ್ ಎರಡಕ್ಕೂ ಒಂದೇ ಥರ ಇರ್ತದ, ಕೂಡ್ತದ ಅಂತ ಹಾಕಿಬಿಡ್ತಾರ. ಕೆಳಗ ಬಿದ್ದು ಒಳಗ ಸೆಲ್ ನೆಗ್ಗಿದ ಪ್ಯಾಕ್ ಇನ್ನೊಂದು. ನೀರು ಹೊಕ್ಕಿದ್ದು, ಹಳೇ ಲ್ಯಾಪ್‌ಟಾಪ್ ಸೆಲ್ ಆರಿಸಿ ಕಟ್ಟಿದ್ದು, ಚಾರ್ಜ್ ಕಟ್ ಆಗ್ತದ ಅಂತ ಬಿಎಂಎಸ್ (ಪ್ಯಾಕ್ ಒಳಗಿನ, ಬ್ಯಾಟರಿ ಕಾಯೋ ಸರ್ಕಿಟ್) ಬೈಪಾಸ್ ಮಾಡಿದ್ದು. ಅದಕ್ಕ ಸೋವಿ ಸಿಗ್ತದ ಅಂತ ಲೋಕಲ್ ಕಟ್ಟಿದ ಪ್ಯಾಕ್ ತಗೋಬ್ಯಾಡ್ರಿ, ಮನಿಯಾಗ ಆದ್ರ ಒಂದು ಮಾತು, ಮಲಗೋ ಗಾಡಿಯಾಗ ಸರ್ವಥಾ ಬ್ಯಾಡ. ಇನ್ನೊಂದು ತಿಳಕೋರಿ, ಸ್ಕೂಟರ್ ಬ್ಯಾಟರಿಗೆ ಸರ್ಕಾರ ತಂದಿರೋ ಎಐಎಸ್ 156 ಸುರಕ್ಷತಾ ನಿಯಮ ನಂಬರ್ ಇರೋ ಗಾಡಿಗಳಿಗಾಗಿ ಮಾಡಿದ್ದು, ಸೈಕಲ್ ಅದರ ಹೊರಗ ಉಳೀತದ, ಹಿಂಗಾಗಿ ಇಲ್ಲಿ ಕಂಪನಿ ಯಾವುದು ಅನ್ನೋದು ಹೆಚ್ಚು ಲೆಕ್ಕಕ್ಕ ಬರ್ತದ.

ಬ್ಯಾಟರಿ ಬಿಚ್ಚಾಕ ಬರೋ ಸೈಕಲ್ಲೇ ತಗೋರಿ, ಇದೊಂದು ಮಾತ್ರ ಬಿಟ್ಟುಕೊಡಬ್ಯಾಡ್ರಿ. ನಿಮ್ಮ ಬಜೆಟ್ಟಿನ ಒಳಗಿನ ಕೆಲವು ಮಾಡೆಲ್‌ನಾಗ ಫ್ರೇಮ್ ಒಳಗ ಹಾಕಿ ಮುಚ್ಚಿಬಿಟ್ಟಿರ್ತಾರ, ನೋಡಾಕ ಚಂದ, ಆದ್ರ ಕ್ಯಾರಿಯರ್ ಮ್ಯಾಲ ಬಿಸಲಾಗ ಅದೂ ಸುಡ್ತದ, ಹಗುರ ಮಾಡಿ ಎತ್ತಾಕೂ ಬರಲ್ಲ. ಬಿಚ್ಚಿದ್ದನ್ನ ವ್ಯಾನಿನ ನೆಲದ ಮ್ಯಾಲ, ಬಿಸಲು ಬೀಳದ ಗಾಳಿ ಆಡೋ ಜಾಗದಾಗ ಪಟ್ಟಿ ಹಾಕಿ ಕಟ್ಟಿಡ್ರಿ. ಗ್ಯಾಸ್ ಸಿಲಿಂಡರ್ ಬಾಜೂ ಬ್ಯಾಡ, ಹಾಸಿಗಿಗೂ ಬಾಗಲಿಗೂ ನಡುವ ಬ್ಯಾಡ, ಏನಾದ್ರೂ ಆದ್ರ ಓಡಿ ಹೋಗೋ ದಾರಿ ಅದೇ. ಹತ್ತು ದಿನ ಓಡ್ಸಲ್ಲ ಅಂದ್ರ ಅರ್ಧ ಚಾರ್ಜ್‌ನಾಗ ಇಡ್ರಿ. ರಾತ್ರಿ ಚಾರ್ಜಿಂಗ್‌ಗೆ ಹಾಕಿ ಮಲಗಬ್ಯಾಡ್ರಿ. ಪ್ಯಾಕ್ ಉಬ್ಬಿದ್ರ, ಸಿಹಿ ಸಿಹಿ ಘಾಟು ವಾಸನಿ ಬಂದ್ರ, ಹೊಗಿ ಕಂಡ್ರ ಇಬ್ರೂ ಮೊದಲ ಹೊರಗ ಬರ್ರಿ, ಗಾಡಿಯಾಗಿನ ಪೌಡರ್ ಸಿಲಿಂಡರ್ ಉರಿ ಆರಸ್ತದ ಆದ್ರ ಒಳಗಿನ ಕಾವು ಹೋಗಲ್ಲ, ಮತ್ತ ಹತ್ತಕೋತದ.

ಚಾರ್ಜಿಂಗ್ ಲೆಕ್ಕ ಹಿಂಗ ಅದ. ಸೈಕಲ್ ಚಾರ್ಜರ್ 42 ವೋಲ್ಟ್ 2 ಆಂಪ್, ಅಂದ್ರ 84 ವಾಟ್, ಇನ್ವರ್ಟರ್ ಮತ್ತ ಚಾರ್ಜರ್ ತಿನ್ನೋದು ಸೇರಿಸಿದ್ರ ನಿಮ್ಮ 12 ವೋಲ್ಟ್ ಬ್ಯಾಟರಿಯಿಂದ 9 ಆಂಪ್ ಹೋಗ್ತದ. ಖಾಲಿ ಪ್ಯಾಕ್ ತುಂಬಾಕ ಸುಮಾರು 30 ಎಎಚ್, ಎರಡಕ್ಕ 60. ನಿಮ್ಮ ಟ್ಯೂಬ್ಯುಲರ್ 100 ಎಎಚ್ ಇದ್ರೂ ಅರ್ಧಕ್ಕಿಂತ ಕೆಳಗ ಇಳಿಸಿದ್ರ ಅದರ ಆಯುಷ್ಯ ಹಾಳು, ಕೈಗೆ ಸಿಗೋದು 50, ಅದ್ರಾಗ ಫ್ಯಾನ್ ಲೈಟೂ ಓಡಬೇಕು. ಎರಡೂ ಪೂರಾ ಖಾಲಿ ಆದ ದಿನ ಆಗಲ್ಲ, ಆದ್ರ ದಿನಕ್ಕ ಹತ್ತು ಹನ್ನೆರಡು ಕಿಲೋಮೀಟರ್ ಪೆಡಲ್ ತುಳಕೋತ ಓಡಿಸಿದ್ರ ಅರ್ಧಾನೂ ಖರ್ಚಾಗಿರಲ್ಲ, ಆರಾಮ ನಡೀತದ. ನಿಮ್ಮ 200 ವಾಟ್ ಪ್ಯಾನಲ್ ಛಲೋ ಬಿಸಲಿದ್ದ ದಿನ 700-750 ವಾಟ್-ಅವರ್ ಕೊಡ್ತದ, ಸಾಕು.

ಇಲ್ಲಿ ಒಂದು ತೊಡಕು ಅದ, ಭಾಳ ಮಂದಿ ಇದನ್ನ ಲಕ್ಷ್ಯ ಕೊಡಲ್ಲ. ಸೋಲಾರ್ ಹೆಚ್ಚು ಬರೋದು ನಡು ಮಧ್ಯಾಹ್ನ, ಆವಾಗ್ಲೇ ವ್ಯಾನ್ ಒಳಗ ಕುದೀತಿರ್ತದ, ಮತ್ತ ಲಿಥಿಯಂ ಸೆಲ್ 45 ಡಿಗ್ರಿ ಮ್ಯಾಲ ಚಾರ್ಜ್ ಮಾಡಬಾರದು. ಬಿಸಲಿನ ಕರೆಂಟ್ ಫ್ರೀ ಅದ ಅಂತ ಮಧ್ಯಾಹ್ನ ಹಾಕಬ್ಯಾಡ್ರಿ. ಮಧ್ಯಾಹ್ನದ ಸೋಲಾರ್ ಟ್ಯೂಬ್ಯುಲರಿಗೆ ತುಂಬ್ಲಿ, ಸೈಕಲ್ ಬ್ಯಾಟರಿಗೆ ನಸುಕಿನಾಗ ಚಹಾ ಕುಡಿಯೋ ಹೊತ್ತಿಗೆ ಹಚ್ರಿ, ಒಂದೆರಡು ತಾಸಿನಾಗ ನಿಮಗ ಬೇಕಾದಷ್ಟು ಏರಿರ್ತದ. ಓಡಿಸಿ ಬಂದ ಕೂಡ್ಲೆನೂ ಬ್ಯಾಡ, ಅರ್ಧ ತಾಸು ತಣ್ಣಗಾಗ್ಲಿ. ಇನ್ವರ್ಟರ್ ಪ್ಯೂರ್ ಸೈನ್ ವೇವ್ (ಮನಿ ಕರೆಂಟಿನಂಗ ನಯವಾದ ಕರೆಂಟ್ ಕೊಡೋದು) ಇರ್ಲಿ, 300 ವಾಟಿಂದು ಸಾಕು. ಗಾಡಿ ಸ್ಟಾರ್ಟ್ ಮಾಡೋ ಬ್ಯಾಟರಿಗೆ ಇದನ್ನ ಜೋಡಸ್ಬ್ಯಾಡ್ರಿ, ಬೆಳಿಗ್ಗೆ ಚಂದ್ರಂಪಳ್ಳಿ ಡ್ಯಾಮ್ ದಂಡಿ ಮ್ಯಾಲ ಸೆಲ್ಫ್ ಹೊಡೀಲಿಲ್ಲ ಅಂದ್ರ ತಳ್ಳಾಕ ಯಾರೂ ಸಿಗಲ್ಲ.

ಅಮ್ಮಾರ ಮೊಣಕಾಲಿಗೆ ಸೆನ್ಸರ್ ಮುಖ್ಯ. ಸೋವಿ ಸೈಕಲ್‌ನಾಗ ಇರೋ ಕೇಡೆನ್ಸ್ ಸೆನ್ಸರ್ ಪೆಡಲ್ ತಿರಗಿದ್ರ ಸಾಕು ಮೋಟರ್ ಹಚ್ಚತದ, ಒತ್ತಿ ತುಳೀಬೇಕಂತಿಲ್ಲ. ದುಬಾರಿ ಟಾರ್ಕ್ ಸೆನ್ಸರ್ ನೀವು ಒತ್ತಿದಷ್ಟೇ ಕೊಡ್ತದ, ಓಡ್ಸಾಕ ನಯ ಆದ್ರ ನೋವಿರೋ ಕಾಲಿಗೆ ಅದೇ ಒಜ್ಜಿ. ಅಂದ್ರ ನಿಮ್ಮ ಬಜೆಟ್ಟಿನ ಸೈಕಲ್ಲೇ ಅವರಿಗೆ ಹೊಂದತದ. ಒಂದು ಎಚ್ಚರ, ಕೇಡೆನ್ಸ್ ಸೆನ್ಸರ್ ಒಮ್ಮಿಗೇ ಜಗ್ಗತದ, ಮೊದಲ ಒಂದು ವಾರ ಖಾಲಿ ಮೈದಾನದಾಗ ಲೆವೆಲ್ ಒಂದರಾಗ ಇಟ್ಟು ರೂಢಿ ಮಾಡ್ಸ್ರಿ, ಬ್ರೇಕ್ ಹಿಡದ್ರ ಮೋಟರ್ ಕಟ್ ಆಗ್ತದೋ ಅದನ್ನೂ ನೋಡ್ರಿ. ಸೀರಿ ಉಡ್ತಾರಂದ್ರ ನಡುವಿನ ಪೈಪ್ ಕೆಳಗಿರೋ ಫ್ರೇಮ್ ಬೇಕು, ಚೈನ್ ಪೂರ್ತಿ ಮುಚ್ಚಿರಬೇಕು. ಸೀಟ್ ಭಾಳ ಕೆಳಗ ಇಟ್ರ ಮೊಣಕಾಲ ಹೆಚ್ಚು ಮಡಚಿ ನೋವು ಜಾಸ್ತಿ ಆಗ್ತದ, ತುದಿಗಾಲು ನೆಲಕ್ಕ ತಾಕೋವಷ್ಟು ಎತ್ತರ ಸರಿ. ತುಳೀಬಹುದೋ ಇಲ್ಲೋ ಅಂತ ನೋಡೋ ಡಾಕ್ಟರಿಗೆ ಒಂದು ಮಾತು ಕೇಳೇ ತಗೋರಿ.

ಇಬ್ರಿಗೂ ಒಂದೇ ಮಾಡೆಲ್ ಆದ್ರ ಇನ್ನೂ ಛಲೋ. ಬ್ಯಾಟರಿ, ಚಾರ್ಜರ್, ಟ್ಯೂಬ್ ಎಲ್ಲಾ ಒಂದಕ್ಕೊಂದು ಆಗ್ತಾವ, ಒಬ್ರದು ಮುಗದ್ರ ಇನ್ನೊಬ್ರದು ಹಾಕ್ಬಹುದು. ಹೀರೋ ಲೆಕ್ಟ್ರೋ, ಇಮೋಟೊರಾಡ್, ಸ್ಟ್ರೈಡರ್ ಇಂಥಾ ಹೆಸರು ಕೇಳಿರ್ತೀರಿ, ಇವ್ರೊಳಗ ಯಾರು ಮ್ಯಾಲ ಅಂತ ನಾನು ಹೇಳಲ್ಲ, ನಿಮ್ಮ ಊರಾಗ ಇಲ್ಲಾ ಹೈದರಾಬಾದಿನಾಗ ಯಾರ ಕಂಟ್ರೋಲರ್, ಥ್ರಾಟಲ್, ಡಿಸ್‌ಪ್ಲೇ ವಾರದಾಗ ಸಿಗ್ತದ ಅಂತ ಕೇಳ್ರಿ. ಬದಲಿ ಬ್ಯಾಟರಿ ಎಷ್ಟಕ್ಕ ಅಂತ ಬರದು ಕೊಡಾಕ ಹೇಳ್ರಿ. ಹೇಳಾಕ ಹಿಂಜರಿಯೋ ಅಂಗಡಿಯಿಂದ ಎದ್ದು ಬರ್ರಿ.

ಮುಳ್ಳಿನ ಮಾತು ಬಿಟ್ಟೆ. ಯಾದಗಿರಿ, ಸುರಪುರ ಕಡೆ ಕೆರಿ ದಂಡಿ, ಕಾಲುವಿ ದಾರಿ ಎಲ್ಲಾ ಬಳ್ಳಾರಿ ಜಾಲಿ, ಬೋನಾಳ ಕೆರಿಗೆ ಪಕ್ಷಿ ನೋಡಾಕ ಹೋದವ್ರು ಪಂಕ್ಚರ್ ಇಲ್ಲದ ಬಂದ್ರ ಅದೇ ದೊಡ್ಡದು. ಹಿಂದಿನ ಗಾಲಿಯಾಗ ಮೋಟರ್ ಇರೋದ್ರಿಂದ ಸಾದಾ ಪಂಕ್ಚರ್ ಅಂಗಡಿಯವ್ರು ಮುಟ್ಟಾಕ ಅಂಜತಾರ, ಕೆಲವ್ರು ವೈರ್ ಜಗ್ಗಿ ಹರೀತಾರ. ಗಾಲಿ ಬಿಚ್ಚೋದೇ ಬ್ಯಾಡ, ಮುಳ್ಳು ಚುಚ್ಚಿದ ಕಡೆ ಟೈರ್ ಒಂದು ಬಾಜೂ ತೆಗದು ಟ್ಯೂಬ್ ಹೊರಗ ಎಳದು ಅಲ್ಲೇ ಪ್ಯಾಚ್ ಹಾಕ್ಸ್ರಿ. ತಗೊಂಡ ದಿನಾನೇ ಎರಡೂ ಗಾಲಿಗೆ ಸೀಲಂಟ್ (ಸಣ್ಣ ತೂತು ತಾನೇ ಮುಚ್ಚೋ ದ್ರವ) ಹಾಕ್ಸಿ ಟೈರ್ ಒಳಗ ಲೈನರ್ ಪಟ್ಟಿ ಕೂಡ್ಸಿದ್ರ ಅರ್ಧ ಕಾಟ ತಪ್ಪತದ. ಗಾಡಿಯಾಗ 18ರ ಪಾನಾ, ಪಂಪ್, ಪ್ಯಾಚ್ ಇರ್ಲಿ, ಗಾಲಿ ಬಿಚ್ಚಲೇಬೇಕಾದ್ರ ಅಕ್ಸಲ್ ವಾಷರ್ ಯಾವ ಮಕ ಕೂತಿತ್ತು ಅಂತ ಮೊಬೈಲಿನಾಗ ಫೋಟೋ ಹೊಡಕೊಂಡೇ ಬಿಚ್ರಿ.

ಅಂಗಡಿಗಿ ಇಬ್ರೂ ಕೂಡೇ ಹೋಗ್ರಿ. ಓಡಿಸಿ ನೋಡೋದಕ್ಕಿಂತ ಮೊದಲ ಬ್ಯಾಟರಿ ಬಿಚ್ಚಿ, ಮಡಚಿ, ನಿಮ್ಮ ಗಾಡಿ ನೆಲದಷ್ಟು ಎತ್ತರದ ಟೇಬಲ್ ಮ್ಯಾಲ ಮೂರು ಸಲ ಎತ್ತಿ ಇಟ್ಟು ಇಳಿಸ್ರಿ, ಅಂಗಡಿ ಹುಡುಗ ಕೈ ಹಚ್ಚಾಕ ಬಂದ್ರ ಬ್ಯಾಡ ಅನ್ರಿ. ಮೂರನೇ ಸಲ ಇಬ್ರಿಗೂ ನಗಿ ಬರ್ತದಂದ್ರ ತಗೋರಿ, ಇಲ್ಲಂದ್ರ ಮುಂದಿನ ಮಾಡೆಲ್ ನೋಡ್ರಿ. ಈ ಸೈಕಲ್ಲಿಗೆ ಆರ್‌ಸಿ ಇರಲ್ಲ, ಕಳವಾದ್ರ ನಿಮ್ಮದು ಅನ್ನಾಕ ಬಿಲ್ ಒಂದೇ ಸಾಕ್ಷಿ, ಅದಕ್ಕ ಬಿಲ್ಲಿನ ಮ್ಯಾಲ ಫ್ರೇಮ್ ನಂಬರ್ ಮತ್ತ ಬ್ಯಾಟರಿ ಸೀರಿಯಲ್ ನಂಬರ್ ಎರಡೂ ಬರೆಸ್ಕೋರಿ, ಬ್ಯಾಟರಿ ವಾರಂಟಿ ಕೇಳಾಕ ಹೋದಾಗ್ಲೂ ಮೊದಲ ಕೇಳೋದು ಆ ನಂಬರೇ.